ಕೆಂಪು ಬಣ್ಣದ ಕೆಳಗೆ

ಗಾಜಿನ ನೆಗೆಟಿವ್ ಮೇಲೆ ಕೆಂಪು ಬಣ್ಣ ಬಳಿದಿತ್ತು. ಅದರ ಕೆಳಗೆ ಯಾರೋ ಇದ್ದರು.

“ಇದನ್ನ ಯಾರು ಬಳಿದಿದ್ದು?” ಎಂದಳು ಚಂದ್ರಮತಿ.

“ಸ್ಟುಡಿಯೋದವರೇ, ಗಿರಾಕಿ ಕೇಳಿದ್ರೆ ಬಳೀತಿದ್ರು ಮೇಡಂ,” ಎಂದ ನಿರಂಜನ್. “ಬಣ್ಣ ಇರೋ ಕಡೆ ಬೆಳಕು ದಾಟಲ್ಲ. ಪ್ರಿಂಟ್ ಹಾಕಿದ್ರೆ ಅಲ್ಲಿ ಬರೀ ಬಿಳಿ. ಬೇಡದೋರನ್ನ ಫೋಟೊದಿಂದ ತೆಗೆಯೋಕೆ ಆಗ ಇದೇ ದಾರಿ.”

ನಿರಂಜನ್ ಹಳೆಯ ಕ್ಯಾಮೆರಾಗಳನ್ನು ಕೂಡಿಡುವವನು. ಚಾಮರಾಜಪುರಂನಲ್ಲಿ ಬಾಗಿಲು ಹಾಕಿದ ಸ್ಟುಡಿಯೋ ಒಂದರಿಂದ ತೇಗದ ಪೆಟ್ಟಿಗೆ ಕ್ಯಾಮೆರಾ, ಹಿತ್ತಾಳೆಯ ಲೆನ್ಸು, ಗಾಜಿನ ನೆಗೆಟಿವ್‌ಗಳ ರಾಶಿ ಎಲ್ಲವನ್ನೂ ಕೊಂಡಿದ್ದ. ಚಂದ್ರಮತಿಯ ಅಮ್ಮ ಶಾಂತಾದೇವಿಯ ಫೋಟೊ ತೆಗೆದದ್ದು ಅದೇ ಸ್ಟುಡಿಯೋದಲ್ಲಿ. ಮಗಳಿಗೆ ಮೂರು ತುಂಬುವ ಮೊದಲೇ ಜ್ವರದಲ್ಲಿ ತೀರಿಕೊಂಡವಳ ಒಂದೇ ಒಂದು ಫೋಟೊ. ಅದೂ ಎದೆಯವರೆಗಷ್ಟೇ. ಹಾರದ ಹಿಂದೆ ಮುಖ ಮಾಸುತ್ತಾ ಬಂದಿತ್ತು. ಹೊಸ ಪ್ರಿಂಟ್ ಹಾಕಿಸೋಣವೆಂದು ಚಂದ್ರಮತಿ ಇವನ ಬಳಿ ಬಂದಿದ್ದಳು.

ಅಮ್ಮನ ಜೊತೆ ಇನ್ನೊಬ್ಬರಿದ್ದರೆಂದು ಇಷ್ಟು ವಯಸ್ಸಾದರೂ ಅವಳಿಗೆ ಯಾರೂ ಹೇಳಿರಲಿಲ್ಲ.

“ಬಣ್ಣ ತೆಗೀರಿ,” ಎಂದಳು.

ನಿರಂಜನ್ ಒದ್ದೆ ಹತ್ತಿಯಿಂದ ಮೆಲ್ಲಗೆ ಉಜ್ಜಿದ. ಹಳೆಯ ಬಣ್ಣ ಸುಲಭಕ್ಕೆ ಬಿಡಲಿಲ್ಲ. ಮೊದಲು ಒಂದು ಮುಖ ಬಿಡಿಸಿಕೊಂಡಿತು. ಗಾಜನ್ನು ಬೆಳಕಿಗೆ ಹಿಡಿದು, ಅವಳ ಮೊಬೈಲಿನಲ್ಲಿ ಫೋಟೊ ತೆಗೆದು, ಕಪ್ಪು ಬಿಳುಪನ್ನು ಅದಲುಬದಲು ಮಾಡಿ ತೋರಿಸಿದ.

ಎಳೆಯ ಮುಖ. ಆದರೂ ಗುರುತು ಸಿಕ್ಕಿತು. ಚಿಕ್ಕಮ್ಮ.

“ಉಳಿದಿದ್ದು ನೆನೀಬೇಕು. ಒಂದು ಗಂಟೇಲಿ ಪೂರ್ತಿ ಫೋಟೊ ಕಳಿಸ್ತೀನಿ,” ಎಂದ ನಿರಂಜನ್. ಅವಳು ಆಗಲೇ ಆಟೋ ಕರೆಯುತ್ತಿದ್ದಳು.

ಒಂಟಿಕೊಪ್ಪಲಿನ ಮನೆಯಲ್ಲಿ ದಾಕ್ಷಾಯಣಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅಕ್ಕ ಸತ್ತು ವರ್ಷ ಕಳೆದ ಮೇಲೆ ಭಾವನನ್ನೇ ಮದುವೆಯಾಗಿ ಬಂದವರು. ಊರೆಲ್ಲ ತಿಳಿದದ್ದು ಹಾಗೆ. ಅವರಿಗೆ ಮಕ್ಕಳಾಗಲಿಲ್ಲ ಎಂದೂ. ಚಂದ್ರಮತಿಯನ್ನು ಸಾಕಿದರು, ಓದಿಸಿದರು, ಅವಳ ಬಾಣಂತನ ಮಾಡಿದರು. ಅವಳು ಮಾತ್ರ ಒಮ್ಮೆಯೂ ಅಮ್ಮ ಎನ್ನಲಿಲ್ಲ. ‘ನೀವು’ ಎಂದೇ ಮಾತಾಡಿಸುತ್ತಿದ್ದಳು. ಅಮ್ಮನ ಜಾಗಕ್ಕೆ ಬಂದವರು ಎಂಬ ಮುಳ್ಳು ಒಳಗೆ ಹಾಗೇ ಉಳಿದಿತ್ತು.

ಮೊಬೈಲನ್ನು ಅವರ ಮುಂದೆ ಹಿಡಿದಳು.

“ಬರೀ ತಂಗಿ ಆಗಿದ್ರೆ ನಿಮ್ಮನ್ನ ಯಾಕೆ ಅಳಿಸ್ಬೇಕಿತ್ತು? ಅಮ್ಮ ಬದುಕಿರುವಾಗಲೇ ನೀವು ಈ ಮನೇಲಿದ್ರಾ?”

ದಾಕ್ಷಾಯಣಮ್ಮನ ಕೈ ನಿಂತಿತು.

“ಹೇಳಿ. ಅಪ್ಪನ ಜೊತೆ ಆಗಲೇ ಇತ್ತಾ?”

“ಅಕ್ಕನೇ ಕರ್ಕೊಂಡು ಬಂದಿದ್ದು ಕಣಮ್ಮ. ಅವಳೇ ನಿಂತು ತಾಳಿ ಕಟ್ಟಿಸಿದ್ಲು. ನಿಮ್ಮಪ್ಪನದು ಸರ್ಕಾರಿ ಕೆಲಸ. ಇಬ್ಬರು ಹೆಂಡ್ರು ಅಂತ ತಿಳಿದ್ರೆ ಕೆಲಸ ಹೋಗ್ತಿತ್ತು. ಬಾಯಿ ಬಿಡಲ್ಲ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು.”

“ಯಾವ ಹೆಂಡ್ತಿ ತಾನಾಗಿ ಸವತೀನ ತರ್ತಾಳೆ?”

“ಅದೊಂದು ಕೇಳ್ಬೇಡ. ಫೋಟೊ ತೆಗೆಸಿದ್ದು ಅಕ್ಕ. ಬಣ್ಣ ಬಳಿಸಿದ್ದು ನಿಮ್ಮಪ್ಪ. ಇಬ್ಬರೂ ಹೋದ್ರು. ಬುಟ್ಬುಡು.”

“ಬಿಡೋದು ಹೇಗೆ? ಅವಳು ಜ್ವರದಲ್ಲಿ ಸಾಯಲಿಲ್ಲ. ನಿಮ್ಮನ್ನ ನೋಡ್ತಾ ನೋಡ್ತಾ ಕೊರಗಿ ಸತ್ಲು.” ಚಂದ್ರಮತಿ ಇಷ್ಟು ವರ್ಷ ಇವರ ಪಕ್ಕದಲ್ಲೇ ಕೂತು ಉಂಡಿದ್ದಳು. ಇವರ ಕೈಯಲ್ಲೇ ತಲೆ ಬಾಚಿಸಿಕೊಂಡಿದ್ದಳು. ಅಪ್ಪ ಮೋಸ ಮಾಡಿದ, ಇವರು ಜೊತೆಯಾದರು. “ನನ್ನ ಸಾಕಿದ್ದು ಪಾಪ ತೊಳ್ಕೊಳೋಕೆ ಅಲ್ವಾ? ತಾಯಿ ಕಳ್ಕೊಂಡ ಮಗುವಿನ ಸಂಕಟ ನಿಮಗೇನು ಗೊತ್ತು? ನೀವು ಹೆತ್ತಿದ್ರೆ ತಾನೆ.”

ದಾಕ್ಷಾಯಣಮ್ಮ ತಲೆ ತಗ್ಗಿಸಿದರು. “ಹೂಂ ಕಣಮ್ಮ,” ಎಂದರು.

“ನಾಳೆ ನಿಮ್ಮ ತಮ್ಮನ ಮನೆಗೆ ಬಿಟ್ಟು ಬರ್ತೀನಿ. ಬಟ್ಟೆ ಜೋಡಿಸ್ಕೊಳ್ಳಿ.”

ಅವರು ಗೋಡೆ ಹಿಡಿದು ಎದ್ದು, ಕೋಣೆಗೆ ಹೋದರು. ಬೀರುವಿನ ಬಾಗಿಲು ತೆರೆದ ಸದ್ದು ಕೇಳಿಸಿತು.

ಆಗ ಮೊಬೈಲ್ ಸದ್ದು ಮಾಡಿತು. ನಿರಂಜನ್ ಪೂರ್ತಿ ಫೋಟೊ ಕಳಿಸಿದ್ದ. ‘ಸೀಮಂತದ ಫೋಟೊ ಅನಿಸುತ್ತೆ ಮೇಡಂ. ಮೂಲೆಯಲ್ಲಿ ತಾರೀಖೂ ಇದೆ’ ಎಂದು ಬರೆದಿದ್ದ.

ಅಮ್ಮ ನಿಂತಿದ್ದಳು. ಸೆರಗನ್ನು ತೆಳುವಾದ ಸೊಂಟಕ್ಕೆ ಬಿಗಿದು, ನಗುತ್ತಾ, ತಂಗಿಯ ಭುಜದ ಮೇಲೆ ಕೈಯಿಟ್ಟಿದ್ದಳು. ಮೊಗ್ಗಿನ ಜಡೆ ಹೆಣೆದುಕೊಂಡು, ಕೈತುಂಬ ಬಳೆ ತೊಟ್ಟು, ತುಂಬಿದ ಬಸುರಿನ ಮೇಲೆ ಅಂಗೈಯಿಟ್ಟು ಕುರ್ಚಿಯಲ್ಲಿ ಕೂತವಳು ದಾಕ್ಷಾಯಣಿ.

ಮೂಲೆಯಲ್ಲಿದ್ದ ತಾರೀಖು, ಚಂದ್ರಮತಿ ಹುಟ್ಟುವುದಕ್ಕೆ ಎರಡು ತಿಂಗಳ ಹಿಂದಿನದು.