ಹದ್ದಿನಕಲ್ಲು ಬಂಗಲೆಯ ಮೂಲಪತ್ರ

“ಐದನೇದು ಮೊದಲು,” ಎನ್ನುತ್ತಾ ಸೋಮಲಿಂಗಪ್ಪನವರು ಏಳು ಕಾದಂಬರಿಗಳ ಅಟ್ಟಿಯ ನಡುವಿನಿಂದ ಒಂದನ್ನು ಎಳೆದಾಗ ಮೊಮ್ಮಗಳು ಲಿಖಿತಾ ಕೈ ಅಡ್ಡ ಹಿಡಿದಳು.

“ತಾತಾ, ಬೇಡ! ಒಂದರಿಂದ ಓದಿ. ಪ್ರಿಂಟ್ ಆಗಿರೋ ಆರ್ಡರ್‌ನಲ್ಲೇ ಓದ್ಬೇಕು. ನಾಲ್ಕನೇದ್ರಲ್ಲಿ ಒಂದು ಪೇಜ್ ಇದೆ, ಸಖತ್ ಶಾಕ್ ಆಗತ್ತೆ.”

“ಬೆನ್ನುಡಿ ನೋಡಿದೀನಮ್ಮ. ಐದನೇದ್ರಲ್ಲಿ ಬಂಗಲೆ ಕಟ್ಟಿಸ್ತಾರೆ, ಆರನೇದ್ರಲ್ಲಿ ಅದು ಮಕ್ಕಳ ಕೈಗೆ ಬರತ್ತೆ. ಒಂದನೇದ್ರಲ್ಲಿ ಯಾವನೋ ಬಾಡಿಗೆಗೆ ಬರ್ತಾನೆ. ಮೂಲಪತ್ರ ನೋಡ್ದೆ ಬಾಡಿಗೆ ಕರಾರು ಯಾರಾದ್ರೂ ಓದ್ತಾರಾ?”

ಮೂವತ್ತು ವರ್ಷ ಸಬ್ ರಿಜಿಸ್ಟ್ರಾರ್ ಆಗಿದ್ದ ಮನುಷ್ಯನಿಗೆ ಪ್ರಪಂಚವೆಲ್ಲ ಒಂದು ಆಸ್ತಿ. ದೆವ್ವದ ಬಂಗಲೆಗೆ ಮಾತ್ರ ರಿಯಾಯಿತಿ ಎಲ್ಲಿಯದು?

ಲಿಖಿತಾಳ ಆಸೆ ದೊಡ್ಡದೇನಲ್ಲ. ‘ಹದ್ದಿನಕಲ್ಲು ಬಂಗಲೆ’ ಸರಣಿಯನ್ನು ಅವಳು ಪಿಯುಸಿ ರಜೆಯಲ್ಲಿ ನುಂಗಿದ್ದಳು. ಬಾಡಿಗೆಯವನಿಗೆ ದಿನಾ ಬೆಳಗ್ಗೆ ಕಾಫಿ ತಂದುಕೊಡುವ ಮುದುಕಿ ಬೇರಾರೂ ಅಲ್ಲ, ಸತ್ತು ಐವತ್ತು ವರ್ಷವಾದ ಆ ಮನೆಯ ಮಗಳು ಎಂದು ನಾಲ್ಕನೆಯ ಕಾದಂಬರಿಯ ನೂರಾ ಹನ್ನೆರಡನೇ ಪುಟದಲ್ಲಿ ಗೊತ್ತಾದಾಗ, ಪುಸ್ತಕ ಬೀಳಿಸಿ ಕಿರುಚಿದ್ದಳು. ಅದೇ ಪುಟದಲ್ಲಿ ಇನ್ನೊಬ್ಬರು ಬೆಚ್ಚಿಬೀಳುವುದನ್ನು ಕಣ್ಣಾರೆ ನೋಡಬೇಕು, ಅಷ್ಟೆ. ಗೆಳತಿಯರೆಲ್ಲ ಮೊಬೈಲಿನಲ್ಲಿ ವಿಡಿಯೋ ನೋಡಿ ಗುಟ್ಟು ತಿಳಿದುಕೊಂಡು ಕೆಟ್ಟುಹೋಗಿದ್ದರು. ಉಳಿದಿದ್ದವರು ತಾತ ಒಬ್ಬರೇ.

ತಾತ ಕೇಳಬೇಕಲ್ಲ! ಐದು ಮುಗಿಸಿದರು, ಆರು ಮುಗಿಸಿದರು. ದೊಡ್ಡ ಹಾಳೆಯ ಮೇಲೆ ಬಂಗಲೆಯವರ ವಂಶವೃಕ್ಷ ಬರೆದು, ದೆವ್ವವಾದವರ ಹೆಸರಿನ ಮುಂದೆ ‘ಮೃತ’ ಎಂದು ಕೆಂಪು ಶಾಯಿಯಲ್ಲಿ ನಮೂದಿಸಿದರು. ಮೂರನೇ ಭಾನುವಾರ ಬೆಳಗ್ಗೆ ಮೊದಲನೆಯ ಕಾದಂಬರಿಗೆ ಬಂದರು. ಅದರ ಒಂಬತ್ತನೇ ಪುಟದಲ್ಲಿ ಮುದುಕಿ ಕಾಫಿ ಹಿಡಿದು ಮೆಟ್ಟಿಲು ಹತ್ತಿದ್ದಳಷ್ಟೆ.

“ಇವಳು ಆ ಮನೆ ಮಗಳಲ್ವಾ? ಆರನೇದ್ರಲ್ಲೇ ಸತ್ತಿದಾಳಲ್ಲಮ್ಮ,” ಎಂದರು, ಉಪ್ಪಿಟ್ಟಿನ ಮೆಣಸಿನಕಾಯಿಯನ್ನು ತಟ್ಟೆಯಂಚಿಗೆ ಎತ್ತಿಡುತ್ತಾ.

ಲಿಖಿತಾಗೆ ಅಳುವುದೊಂದು ಬಾಕಿ. “ಒಂಚೂರೂ ಶಾಕ್ ಆಗ್ಲಿಲ್ವಾ ತಾತ?”

“ಶಾಕ್ ಯಾಕೆ? ಅಣ್ಣಂದಿರು ಅವಳಿಗೊಂದು ಸೀರೆ ಕೊಟ್ಟು, ‘ಮನೇಲಿ ನನಗೆ ಪಾಲು ಬೇಡ’ ಅಂತ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸ್ಕೊಂಡಿದಾರೆ. ಪತ್ರ ಪಕ್ಕಾ ಇದೆ. ಈಗ ಬಂದು ಓಡಾಡಿದ್ರೆ ಅದು ಅತಿಕ್ರಮ ಪ್ರವೇಶ.”

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ತಾತನ ತಂಗಿ ಶಿವಬಸಮ್ಮ. ತಲಘಟ್ಟಪುರದಲ್ಲಿ ಮೆಟ್ರೋ ಹತ್ತಿ ಪ್ರತಿ ಭಾನುವಾರ ಜೆ.ಪಿ. ನಗರದ ಈ ಮನೆಗೆ ಬರುತ್ತಾರೆ. ಹಬ್ಬ ತಪ್ಪೀತು, ಅವರು ತಪ್ಪುವುದಿಲ್ಲ. ಬಂದವರೇ ಕಿಟಕಿ ಪಕ್ಕದ ತಾತನ ಬೆತ್ತದ ಕುರ್ಚಿಯಲ್ಲಿ ಕುಳಿತರು. ತಾತ ಎಂದಿನಂತೆ ಸ್ಟೂಲಿಗೆ ಹೋದರು. ಶಿವಬಸಮ್ಮ ಕಾಫಿಗೆ ಡಿಕಾಕ್ಷನ್ ಸಾಲದು ಎಂದರು, ಈ ಪರದೆ ಯಾರು ಆರಿಸಿದ್ದು ಎಂದರು, ನಲ್ಲಿ ಸೋರುತ್ತಿರುವುದು ಯಾರ ಕಿವಿಗೂ ಬೀಳುವುದಿಲ್ಲವೇ ಎಂದರು. ಕೊನೆಗೆ ಪುಸ್ತಕಗಳ ಕಡೆ ಕೈ ಚಾಚಿದರು.

“ಇದೇನೇ, ದೆವ್ವದ್ದಾ? ನಾನೂ ಓದ್ತೀನಿ. ಯಾವುದ್ರಿಂದ ಶುರು ಮಾಡ್ಲಿ?”

ಲಿಖಿತಾ ಬಾಯಿ ತೆರೆಯುವ ಮೊದಲೇ ತಾತ ಸ್ಟೂಲಿನಿಂದ ಎದ್ದಿದ್ದರು. “ಒಂದರಿಂದ! ಒಂದರಿಂದ್ಲೇ ಓದು ಬಸಮ್ಮ. ಪ್ರಿಂಟ್ ಆಗಿರೋ ಆರ್ಡರ್‌ನಲ್ಲೇ ಓದ್ಬೇಕು. ಆತುರ ಏನಿಲ್ಲ, ತಿಂಗಳಿಗೊಂದು ಸಾಕು. ಆರನೇದು… ಅಷ್ಟು ಚೆನ್ನಾಗಿಲ್ಲ. ಬಿಟ್ರೂ ನಡೆಯತ್ತೆ.”

ಲಿಖಿತಾ ತಾತನ ಮುಖವನ್ನೇ ನೋಡಿದಳು. ಆಮೇಲೆ ತಲೆಯೆತ್ತಿ ಹಜಾರವನ್ನು ನೋಡಿದಳು. ಈ ಮನೆ ಕಟ್ಟಿಸಿದ್ದು ತಾತನ ಅಪ್ಪ. ಅವರು ತೀರಿಕೊಂಡ ಮರುವರ್ಷ ತಾತ ಶಿವಬಸಜ್ಜಿಯನ್ನು ಕರೆಸಿ, ಹೊಸ ಇಳಕಲ್ ಸೀರೆ ಕೊಟ್ಟು, ಅಂಥದ್ದೇ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರಂತೆ. ಒಕ್ಕಣೆ ತಾತನದೇ. ಅದರಲ್ಲಿ ಒಂದು ಅಲ್ಪವಿರಾಮವೂ ತಪ್ಪಿಲ್ಲವೆಂದು ತಾತ ನೆಂಟರ ಮುಂದೆ ಹೇಳಿಕೊಂಡು ಬೀಗುವುದನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು, ಯಾವತ್ತೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಈಗ ತಾತನ ಮೇಲೆ ಸಿಟ್ಟು ಬಂತು. ನಗುವೂ ಬಂತು.

ಎದುರಿಗೆ, ಗುಟ್ಟು ಗೊತ್ತಿಲ್ಲದ ಓದುಗರೊಬ್ಬರು ಕೂತಿದ್ದರು. ಅವಳು ಕಾದಿದ್ದ ಅವಕಾಶ ಕೈಗೇ ಬಂದಿತ್ತು. ಒಂದನೆಯದನ್ನು ಅವರ ಕೈಗಿಟ್ಟು ಬಾಯಿ ಮುಚ್ಚಿಕೊಂಡಿದ್ದರೆ, ಆ ನೂರಾ ಹನ್ನೆರಡನೇ ಪುಟ ಒಂದಲ್ಲ ಒಂದು ದಿನ ಬಂದೇ ಬರುತ್ತಿತ್ತು.

“ಅಜ್ಜೀ, ಆರನೇದು ನಾನೇ ಹೇಳ್ತೀನಿ ಕೇಳಿ,” ಎಂದಳು ಲಿಖಿತಾ. “ಆ ಬಂಗಲೆ ಮಗಳಿಗೆ ಅಣ್ಣಂದಿರು ಒಂದು ಸೀರೆ ಕೊಟ್ಟು, ಪಾಲು ಬೇಡ ಅಂತ ಬರೆಸ್ಕೊಂಡ್ರು. ಅವಳು ಸತ್ತಮೇಲೆ ದೆವ್ವ ಆಗಿ, ಅದೇ ಮನೇಲಿ ಐವತ್ತು ವರ್ಷದಿಂದ ಓಡಾಡ್ಕೊಂಡು ಕಾಟ ಕೊಡ್ತಿದಾಳೆ.”

ತಾತನ ಕೈಯಲ್ಲಿದ್ದ ಕಾಫಿ ಪಂಚೆಯ ಮೇಲೆ ತುಳುಕಿತು. ಎರಡು ಕಾದಂಬರಿಗಳಿಂದ ಆಗದ ಕೆಲಸ ಎರಡು ಮಾತಿನಿಂದ ಆಗಿತ್ತು. ಅವರು ತಂಗಿಯ ಮುಖ ನೋಡಲಾರದೆ ಪಂಚೆ ಒರೆಸಿಕೊಳ್ಳುತ್ತಾ ನಿಂತರು.

ಶಿವಬಸಮ್ಮ ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. ಕಾಲು ನೀಡಿ ಬೆತ್ತದ ಕುರ್ಚಿಗೆ ಒರಗಿದರು.

“ಅಯ್ಯೋ ಪೆದ್ದಿ,” ಎಂದರು. “ಅದಕ್ಕೆ ಸಾಯೋವರೆಗೂ ಕಾಯ್ಬೇಕಿತ್ತಾ?”