ಕಡಲು ದಾಟಿದ ಅತ್ತೆ

“ಅತ್ತೆ ಸತ್ತಿರಬೇಕು ಬಿಡಿ,” ಎಂದ ಸಹೋದ್ಯೋಗಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. “ನಿನ್ನೆಯಿಂದ ಸಿಗ್ನಲ್ಲೇ ಇಲ್ಲ ಕಣ್ರೀ.”

“ಅಧಿಕಾರಿ ಬರೋ ದಿನವೇ ಸಾಯಬೇಕಿತ್ತಾ ಇವಳು!” ಎಂದು ಹಣೆ ಚಚ್ಚಿಕೊಂಡ ವಿಜ್ಞಾನಿ, ಬಾಗಿಲ ಕಡೆ ತಿರುಗಿ ಹಾಗೇ ಕಲ್ಲಾದಳು. ಅವಳು ಮನೆಯಲ್ಲಿ ಮರೆತಿದ್ದ ಕನ್ನಡಕ ಹಿಡಿದು ನಿಜವಾದ ಅತ್ತೆ ನಿಂತಿದ್ದರು.

“ನನಗೂ ಒಂದು ಮಾತು ತಿಳಿಸಬಾರದಿತ್ತೇನಮ್ಮ?”

“ಅಯ್ಯೋ, ಅದು ಕಡಲಾಮೆ ಅತ್ತೆ! ಬೆನ್ನಿಗೆ ಯಂತ್ರ ಅಂಟಿಸಿದ್ದೀವಿ. ಎಲ್ಲೆಲ್ಲಿ ಹೋಗ್ತಾಳೆ ಅಂತ ಉಪಗ್ರಹದಿಂದ ಗೊತ್ತಾಗುತ್ತೆ.”

“ಅದಕ್ಕೆ ನನ್ನ ಹೆಸರು ಯಾಕೆ?”

ಸೊಸೆ ಕನ್ನಡಕ ಇಸಿದುಕೊಂಡು ಮೂಗಿಗೇರಿಸಿದಳು. “ಯಾರು ಏನಂದರೂ ಕಿವಿಗೆ ಹಾಕಿಕೊಳ್ಳದೆ ತನ್ನ ದಾರೀಲೇ ಹೋಗ್ತಾಳೆ...”

“ಹೂಂ. ಗುಣ ಸರಿಯಾಗೇ ಗುರುತಿಸಿದ್ದೀಯ,” ಎಂದು ಅತ್ತೆ ಕುರ್ಚಿ ಎಳೆದು ಕೂತೇಬಿಟ್ಟರು. ಅವರನ್ನು ಸಾಗಹಾಕುವಷ್ಟರಲ್ಲಿ ಬಂದರಿನ ಅಧಿಕಾರಿ ಒಳಗೆ ಬಂದ.

ಮೊಟ್ಟೆ ಇಡುವ ಹಂಗಾಮಿನಲ್ಲಿ ಆಮೆಗಳು ಹಡಗಿನ ದಾರಿಗೆ ಅಡ್ಡ ಬರುತ್ತವೆ, ಅಲ್ಲಿ ಹಡಗುಗಳು ವೇಗ ತಗ್ಗಿಸಲಿ ಎಂದು ಸೊಸೆ ಅವನಲ್ಲಿ ಅಂಗಲಾಚಿ ಸೋತಿದ್ದಳು. ಒಂದಾದರೂ ಆಮೆಗೆ ಹಡಗು ಬಡಿದಿದೆಯಾ ಎಂಬುದೇ ಅವನ ಪಲ್ಲವಿ. ಇವತ್ತು ಗೋಡೆಯ ನಕಾಶೆಯಲ್ಲಿ ಆಮೆಯ ಗೆರೆ ಹಡಗಿನ ದಾರಿಯ ನಟ್ಟನಡುವೆ ತುಂಡಾಗಿತ್ತು.

“ಛೆ ಛೆ, ಹಡಗಿಗೆ ಸಿಕ್ಕಿಬಿಟ್ಟಿತಾ?” ಅಧಿಕಾರಿಯ ಮುಖ ಪೆಚ್ಚಾಯಿತು. ವೇಗ ತಗ್ಗಿಸುವ ಆದೇಶಕ್ಕೆ ಸಹಿ ಹಾಕಲು ಪೆನ್ನು ತೆಗೆದ.

ಆಗಲೇ ಅವನ ಬೆನ್ನ ಹಿಂದಿನ ಪರದೆಯಲ್ಲಿ ಹಸಿರು ಚುಕ್ಕೆಯೊಂದು ಮಿನುಗಿತು. ಆಮೆ ಹಡಗಿನ ದಾರಿಯ ಆಚೆ ಬದಿಯಲ್ಲಿ ಆರಾಮಾಗಿ ತೇಲುತ್ತಿತ್ತು! ಬಾಯಿ ಮುಚ್ಚಿಕೊಂಡಿರಿ ಎಂದು ಸಹೋದ್ಯೋಗಿ ಕಣ್ಣಲ್ಲೇ ಗೋಗರೆದ. ಒಂದು ಸಹಿಯ ಹೊತ್ತು ಸುಮ್ಮನಿದ್ದರೆ ಸಾಕಿತ್ತು. ಸೊಸೆಯ ನಾಲಿಗೆ ಕೇಳಬೇಕಲ್ಲ.

“ಇಲ್ಲ ಸರ್. ಬದುಕಿದ್ದಾಳೆ,” ಎಂದವಳೇ ತನ್ನ ಸತ್ಯಸಂಧತೆಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದಳು.

ಪೆನ್ನು ಜೇಬಿಗೆ ವಾಪಸ್ಸಾಯಿತು. “ನೋಡಿದ್ರಾ? ಸುಖವಾಗಿ ದಾಟಿದೆ. ಹಡಗು ನಿಧಾನ ಮಾಡೋ ಪ್ರಮೇಯವೇ ಇಲ್ಲ.”

“ನಾನೂ ಈಗ ಮುಖ್ಯರಸ್ತೆ ದಾಟಿಕೊಂಡೇ ಬಂದೆ. ಸುಖವಾಗೇ ಇದ್ದೀನಿ,” ಎಂದರು ಅತ್ತೆ. “ಹಾಗಂತ ನಿಮ್ಮ ಕಾರಿನ ಬ್ರೇಕ್ ಕಿತ್ತು ಇಲ್ಲೇ ಇಟ್ಟು ಹೋಗ್ತೀರಾ?”

ಅಧಿಕಾರಿ ಕೆಮ್ಮಿದ. ನೀರು ಕೇಳಿ ಕುಡಿದ. ಕೊನೆಗೆ ಪೆನ್ನು ಮತ್ತೆ ಹೊರಗೆ ಬಂತು.

“ಈ ಒಂದು ಹಂಗಾಮಿಗೆ ಮಾತ್ರ,” ಎಂದು ಗೊಣಗುತ್ತ ಸಹಿ ಹಾಕಿದ.

“ಆಗಲಿ ಬಿಡಿ,” ಎಂದರು ಅತ್ತೆ, ಕುರ್ಚಿಯಿಂದ ಏಳುವ ಲಕ್ಷಣವೇ ಇಲ್ಲದೆ. “ಮುಂದಿನ ಹಂಗಾಮಿಗೂ ನಾನು ಬದುಕಿರ್ತೀನಿ.”