ಕಲ್ಲಿನ ಮೇಲೆ ಹೆಸರು

ಅವಳು ದೋಸೆ ಮಗುಚುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಅವಳೂ ಗಂಡನೂ ಮಗಳೂ ವಲಸೆ ಬಂದಿದ್ದ ದೇಶದ ಸೇನಾಧಿಕಾರಿ ನಿಂತಿದ್ದ. ಅವನ ಮಾತನ್ನು ಕನ್ನಡದಲ್ಲಿ ತಿಳಿಸಲು ಜೊತೆಗೆ ಧಾರವಾಡ ಕಡೆಯ ಒಬ್ಬ ಹೆಂಗಸು.

“ನಿಮ್ಮ ಯಜಮಾನ್ರು ಯುದ್ಧದಾಗ ಕಾಣೆಯಾಗಿ ಎರಡು ವರ್ಷಾತು. ತೀರಿಕೊಂಡಾರಂತ ಸಹಿ ಮಾಡ್ರಿ. ನಾಳೆ ಸ್ಮಾರಕದ ಕಲ್ಲಿನ ಮ್ಯಾಲೆ ಹೆಸರು ಕೆತ್ತತಾರ.”

ಅವಳು ಸಹಿ ಮಾಡಿದಳು. ಅಧಿಕಾರಿ ಅವಳ ಹಣೆ ನೋಡಿ ಏನೋ ಕೇಳಿದ.

“ಅದೇನಂತ ಕೇಳಾಕತ್ತಾರ. ಗಂಡ ಇದ್ದಾಕಿ ಹಚ್ಚೋ ಕುಂಕುಮ ಅಂತ ಹ್ಯಾಂಗ ಹೇಳ್ಲಿ, ತಂಗಿ?”

“ಅಳಿಸೋಕೆ ಮನಸ್ಸು ಬರ್ಲಿಲ್ಲ ಅಕ್ಕಾ.”

ಕೊನೆಗೆ ಅವಳು ಸೆರಗಿನಿಂದ ಹಣೆ ಒರೆಸಿಕೊಂಡಳು. ಹೆಂಗಸಿನ ಕಣ್ಣು ತುಂಬಿತು.

ಅಷ್ಟು ಹೊತ್ತು ಅಮ್ಮನ ಮುಖವನ್ನೇ ನೋಡುತ್ತಿದ್ದ ಮಗಳು ಬಾಯಿಬಿಟ್ಟಳು.

“ಅಮ್ಮಾ, ಅಪ್ಪ ಅಟ್ಟದಿಂದ ಇಳಿದು ಬಂದಾಗ ಕುಂಕುಮ ಅಳಿಸಿದ್ದಕ್ಕೆ ಬೈಯಲ್ವಾ?”